ಹಲಗೆ ಸಾಗಣೆ ಮತ್ತು ಪೇರಿಕೆ ಯಂತ್ರಗಳು

ಹಲಗೆ ಸಾಗಣೆ ಮತ್ತು ಪೇರಿಕೆ ಯಂತ್ರಗಳು ಎಂದರೆ ಮರದ ದಿಮ್ಮಿ, ತೊಲೆ, ಹಲಗೆ, ರೀಪು, ಪ್ಲೈವುಡ್ ಹಾಳೆ ಮುಂತಾದವುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ, ಒಂದೊಂದಾಗಿ ಬೇರ್ಪಡಿಸುವ, ಅಳತೆಗೆ ತಕ್ಕಂತೆ ವಿಂಗಡಿಸುವ ಹಾಗೂ ಅಟ್ಟಿಯಾಗಿ ಜೋಡಿಸುವ ಕೈಗಾರಿಕಾ ಯಂತ್ರಗಳು. ಇವುಗಳನ್ನು ಮುಖ್ಯವಾಗಿ ಮರ ಕೊಯ್ಯುವ ಕಾರ್ಖಾನೆಗಳಲ್ಲಿ, ಅಂದರೆ ಸಾಮಿಲ್‌ಗಳಲ್ಲಿ, ಬಳಸಲಾಗುತ್ತದೆ. ಸಾಮಿಲ್ ಎಂದೊಡನೆ ಗರಗಸ ನೆನಪಿಗೆ ಬರುತ್ತದೆ. ಆದರೆ ಆಧುನಿಕ ಕಾರ್ಖಾನೆಯ ಬಹುಪಾಲು ಜಾಗವನ್ನು ಆಕ್ರಮಿಸುವುದು ಸಾಗಣೆಯ ವ್ಯವಸ್ಥೆಯೇ. ಕಾರ್ಖಾನೆಯ ಒಟ್ಟು ಉತ್ಪಾದನೆ, ಒಣಗಿದ ಹಲಗೆಯ ಗುಣಮಟ್ಟ ಮತ್ತು ಕಾರ್ಮಿಕರ ಸುರಕ್ಷತೆ ಈ ಮೂರೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ.

ಅಗತ್ಯ

ಹಸಿ ಮರ ಬಹಳ ಭಾರವಾದ ವಸ್ತು. 50 ಸೆಂಟಿಮೀಟರ್ ವ್ಯಾಸ ಮತ್ತು 5 ಮೀಟರ್ ಉದ್ದದ ದಿಮ್ಮಿಯ ಗಾತ್ರ ಸುಮಾರು 1 ಘನ ಮೀಟರ್. ಮರದ ಜಾತಿ ಮತ್ತು ತೇವಾಂಶಕ್ಕೆ ಅನುಗುಣವಾಗಿ ಇಂತಹ ದಿಮ್ಮಿಯ ತೂಕ ಒಂದು ಟನ್ನಿನ ಆಸುಪಾಸಿನಲ್ಲಿರುತ್ತದೆ. ಕೊಯ್ದ ಮೇಲೆ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. ಭಾರವಾದ ಒಂದೇ ದಿಮ್ಮಿಯ ಬದಲು ಬೇರೆ ಬೇರೆ ಉದ್ದ, ಅಗಲ ಮತ್ತು ದರ್ಜೆಯ ಹತ್ತಾರು ತುಂಡುಗಳು ಹುಟ್ಟುತ್ತವೆ. ಪ್ರತಿಯೊಂದು ತುಂಡನ್ನೂ ಅದರದೇ ಸ್ಥಳಕ್ಕೆ ತಲುಪಿಸಬೇಕು. ಜೊತೆಗೆ ತೊಗಟೆ, ಅಂಚಿನ ಚೂರು ಮತ್ತು ಮರದ ಹೊಟ್ಟು ನಿರಂತರವಾಗಿ ಹೊರಹೋಗುತ್ತಿರಬೇಕು. ಇವುಗಳಲ್ಲಿ ಯಾವುದೊಂದು ನಿಂತರೂ ಗರಗಸ ನಿಲ್ಲುತ್ತದೆ.

ಇತಿಹಾಸ

ಕೊಯ್ಯುವುದರ ಜೊತೆಗೆ ಸಾಗಿಸುವುದನ್ನೂ ಯಂತ್ರಕ್ಕೆ ಒಪ್ಪಿಸುವ ಆಲೋಚನೆ ಹಳೆಯದು. 13ನೆಯ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ದ್ ಒನ್ನೆಕೂರ್ ಎಂಬಾತನು ರಚಿಸಿದ ಚಿತ್ರಪುಸ್ತಕದಲ್ಲಿ ನೀರಿನ ಚಕ್ರದಿಂದ ನಡೆಯುವ ಗರಗಸದ ರೇಖಾಚಿತ್ರವಿದೆ. ಅದರಲ್ಲಿ ಅಲಗು ಮೇಲೆ ಕೆಳಗೆ ಆಡುತ್ತಿದ್ದಂತೆ, ಮುಳ್ಳುಗಳುಳ್ಳ ಇನ್ನೊಂದು ಚಕ್ರವು ಮರವನ್ನು ಅಲಗಿನತ್ತ ತಾನೇ ತಳ್ಳುತ್ತದೆ.

1590ರ ದಶಕದಲ್ಲಿ ನೆದರ್ಲೆಂಡ್ಸ್‌ನ ಕಾರ್ನೆಲಿಸ್ ಕಾರ್ನೆಲಿಸೋನ್ ಗಾಳಿಯಂತ್ರಕ್ಕೆ ಕ್ರ್ಯಾಂಕ್ ಜೋಡಿಸಿ ಮರ ಕೊಯ್ಯುವ ವಿಧಾನವನ್ನು ರೂಪಿಸಿದನು. ಡಚ್ ಗಾಳಿಯಂತ್ರಗಳಲ್ಲಿ ಅದೇ ಗಾಳಿಯ ಬಲವು ನೀರಿನಲ್ಲಿ ತೇಲುತ್ತಿದ್ದ ದಿಮ್ಮಿಗಳನ್ನು ರಾಟೆಯ ಮೂಲಕ ದಡಕ್ಕೆ ಎಳೆಯುತ್ತಿತ್ತು, ಮತ್ತು ದಿಮ್ಮಿಯನ್ನು ಹೊತ್ತ ಜಾರುಬಂಡಿಯನ್ನು ಗರಗಸದತ್ತ ಹಲ್ಲುಹಲ್ಲಾಗಿ ಮುಂದೂಡುತ್ತಿತ್ತು.

19ನೆಯ ಶತಮಾನದ ಉತ್ತರ ಅಮೆರಿಕದಲ್ಲಿ ಉಗಿಯಂತ್ರಗಳು ಬಂದವು. ಅನೇಕ ಸಾಮಿಲ್‌ಗಳ ಪಕ್ಕದಲ್ಲಿ ದಿಮ್ಮಿಯ ಕೊಳವಿರುತ್ತಿತ್ತು. ನೆಲದ ಮೇಲೆ ಹಲವರು ಸೇರಿ ಉರುಳಿಸಬೇಕಾದ ದಿಮ್ಮಿಯನ್ನು ನೀರಿನಲ್ಲಿ ಒಬ್ಬನೇ ಉದ್ದನೆಯ ಕೋಲಿನಿಂದ ಸರಿಸಬಹುದಾಗಿತ್ತು. ಕೊಳದಿಂದ ಕಾರ್ಖಾನೆಯ ಮೇಲಂತಸ್ತಿಗೆ ದಿಮ್ಮಿಗಳನ್ನು ಮುಳ್ಳುಗಳುಳ್ಳ ದಪ್ಪ ಸರಪಳಿಯೊಂದು ಇಳಿಜಾರಿನ ತೊಟ್ಟಿಯಲ್ಲಿ ಎಳೆದೊಯ್ಯುತ್ತಿತ್ತು.

ಹೀಗೆ ದಿಮ್ಮಿಯ ಸಾಗಣೆ ಬೇಗನೆ ಯಾಂತ್ರೀಕರಣಗೊಂಡರೂ ಹಲಗೆಯ ವಿಂಗಡಣೆ ದೀರ್ಘಕಾಲ ಮನುಷ್ಯರ ತೋಳುಗಳ ಕೆಲಸವಾಗಿಯೇ ಉಳಿಯಿತು. ಗರಗಸದಿಂದ ಬಂದ ಹಸಿ ಹಲಗೆಗಳು ಉದ್ದನೆಯ ಸರಪಳಿಯ ಮೇಲೆ ಅಡ್ಡಡ್ಡಲಾಗಿ ಸಾಗುತ್ತಿದ್ದವು. ಎರಡೂ ಬದಿಯಲ್ಲಿ ನಿಂತ ಕಾರ್ಮಿಕರು ತಮ್ಮ ಪಾಲಿನ ಅಳತೆಯ ಹಲಗೆ ಬಂದೊಡನೆ ಅದನ್ನು ಎಳೆದು ಅಟ್ಟಿಗೆ ಹಾಕುತ್ತಿದ್ದರು. ಇದಕ್ಕೆ ‘ಗ್ರೀನ್ ಚೈನ್’ ಎಂದು ಹೆಸರು. ಇಲ್ಲಿ ಗ್ರೀನ್ ಎಂಬುದು ಬಣ್ಣವನ್ನಲ್ಲ, ಮರದ ಹಸಿತನವನ್ನು ಸೂಚಿಸುತ್ತದೆ. ಸಾಮಿಲ್‌ನ ಅತ್ಯಂತ ದಣಿವಿನ ಕೆಲಸಗಳಲ್ಲಿ ಇದೂ ಒಂದು.

20ನೆಯ ಶತಮಾನದ ಆರಂಭದಲ್ಲಿ ಕೆನಡಾ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯ ಸಾಮಿಲ್‌ಗಳಲ್ಲಿ ಪಂಜಾಬಿನಿಂದ ವಲಸೆ ಹೋದ ಅನೇಕರು ದುಡಿದರು. 1907ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಬಿಳಿಯರ ಗುಂಪೊಂದು ಸಾಮಿಲ್‌ಗಳ ಭಾರತೀಯ ಕಾರ್ಮಿಕರ ಮೇಲೆ ದಾಳಿ ನಡೆಸಿ ಅವರನ್ನು ಊರಿನಿಂದಲೇ ಓಡಿಸಿತು. ಮುಂದೆ ವ್ಯಾಂಕೂವರ್ ದ್ವೀಪದಲ್ಲಿ ಮಾಯೋ ಸಿಂಗ್ ಎಂಬ ಪಂಜಾಬಿ ಉದ್ಯಮಿ ಸಾಮಿಲ್ ಸ್ಥಾಪಿಸಿದನು. ಅದರ ಸುತ್ತ ಬೆಳೆದ ಊರಿಗೆ ಅವನ ಹುಟ್ಟೂರಿನ ಹೆಸರಾದ ಪಾಲ್ಡಿ ಎಂಬುದೇ ನಿಂತಿತು.

ಗರಗಸದವರೆಗಿನ ಸಾಗಣೆ

ಇಂದಿನ ದೊಡ್ಡ ಕಾರ್ಖಾನೆಯಲ್ಲಿ ಲಾರಿಯಿಂದ ಇಳಿದ ದಿಮ್ಮಿಗಳನ್ನು ಸರಪಳಿಗಳುಳ್ಳ ಇಳಿಜಾರಿನ ಕಟ್ಟೆಯ ಮೇಲೆ ಹರಡಲಾಗುತ್ತದೆ. ಮುಂದಿನ ಹಂತವೇ ಬೇರ್ಪಡಿಸುವಿಕೆ. ಒಂದರ ಮೇಲೊಂದು ಬಿದ್ದ ದಿಮ್ಮಿಗಳಿಂದ ಒಂದನ್ನಷ್ಟೇ ಎತ್ತಿ ಮುಂದೆ ಕಳುಹಿಸಲು ಮೆಟ್ಟಿಲಿನಾಕಾರದ ಫೀಡರ್ ಬಳಕೆಯಲ್ಲಿದೆ. ಅದರ ಮೆಟ್ಟಿಲುಗಳು ಸರದಿಯಂತೆ ಏರಿಳಿಯುತ್ತಾ ಪ್ರತಿ ಬಾರಿಯೂ ಒಂದು ದಿಮ್ಮಿಯನ್ನು ಮೇಲಕ್ಕೆ ಸಾಗಿಸುತ್ತವೆ. ಆಮೇಲೆ ದಿಮ್ಮಿಯು ಲೋಹ ಪತ್ತೆ ಯಂತ್ರ ಮತ್ತು ತೊಗಟೆ ಸುಲಿಯುವ ಯಂತ್ರಗಳನ್ನು ದಾಟಿ ಗರಗಸವನ್ನು ತಲುಪುತ್ತದೆ. ಮರದೊಳಗೆ ಉಳಿದ ಒಂದು ಮೊಳೆಯೂ ಗರಗಸದ ಹಲ್ಲುಗಳನ್ನು ಮುರಿಯಬಲ್ಲದಾದ್ದರಿಂದ ಲೋಹದ ಪರೀಕ್ಷೆ ಮುಖ್ಯವಾದುದು.

ಕನ್ವೇಯರ್‌ಗಳ ವಿಧಗಳು

* ಸರಪಳಿ ಕನ್ವೇಯರ್: ಹಲಗೆಗಳನ್ನು ಅಡ್ಡಲಾಗಿ ಸಾಗಿಸುತ್ತದೆ. ಸರಪಳಿಯ ಮೇಲೆ ಸಮಾನ ಅಂತರದಲ್ಲಿ ‘ಲಗ್’ ಎಂಬ ಉಬ್ಬುಗಳಿದ್ದರೆ ಎರಡು ಲಗ್‌ಗಳ ನಡುವೆ ಒಂದೇ ಹಲಗೆ ನಿಲ್ಲುತ್ತದೆ.
* ಉರುಳೆ ಕನ್ವೇಯರ್: ತಿರುಗುವ ಉರುಳೆಗಳ ಮೇಲೆ ಹಲಗೆಯು ತನ್ನ ಉದ್ದದ ದಿಕ್ಕಿನಲ್ಲಿ ಸಾಗುತ್ತದೆ.
* ಬೆಲ್ಟ್ ಕನ್ವೇಯರ್: ಹಗುರ ಹಲಗೆ, ಚೂರು ಮತ್ತು ಹೊಟ್ಟಿನ ಸಾಗಣೆಗೆ ಉಪಯುಕ್ತ.
* ಕಂಪನ ಕನ್ವೇಯರ್: ನಡುಗುವ ಲೋಹದ ತೊಟ್ಟಿ. ಚೂರುಗಳನ್ನು ಮುಂದೆ ಸರಿಸುತ್ತಲೇ ಜರಡಿಯ ಮೂಲಕ ಹೊಟ್ಟನ್ನು ಬೇರ್ಪಡಿಸಲು ಬಳಸುತ್ತಾರೆ.

ಪ್ಲೈವುಡ್ ಹಾಗೂ ವೆನೀರ್ ಹಾಳೆಗಳ ಮೇಲ್ಮೈ ಸುಲಭವಾಗಿ ಗೀರು ಬೀಳುವಂಥದ್ದು. ಇಂತಹ ಹಾಳೆಗಳನ್ನು ಮೇಲಿನಿಂದ ಹೀರಿ ಎತ್ತುವ ನಿರ್ವಾತ ಬಟ್ಟಲುಗಳಿಂದ ಸಾಗಿಸುತ್ತಾರೆ.

ವಿಂಗಡಣೆ

ಲಗ್‌ಗಳ ನಡುವೆ ಸಾಗುವ ಹಲಗೆಯನ್ನು ಲೇಸರ್ ಮತ್ತು ಕ್ಯಾಮೆರಾಗಳು ಅಳೆಯುತ್ತವೆ. ಗಂಟು, ಬಿರುಕು ಮತ್ತು ಅಂಚಿನ ದೋಷಗಳನ್ನು ಗುರುತಿಸಿದ ಗಣಕಯಂತ್ರವು ಹಲಗೆಯನ್ನು ಎಲ್ಲಿ ಕತ್ತರಿಸಬೇಕು, ಯಾವ ಕೋಣೆಗೆ ಕಳುಹಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. ತನ್ನ ಕೋಣೆ ಬಂದಾಗ ಹಲಗೆಯು ಸರಪಳಿಯಿಂದ ಕೆಳಗಿಳಿಯುತ್ತದೆ. ನಿಮಿಷಕ್ಕೆ 120 ಲಗ್‌ಗಳು ಸಾಗುವ ಸಾಲಿನಲ್ಲಿ ಒಂದು ಹಲಗೆಗೆ ಸಿಗುವ ಕಾಲ ಅರ್ಧ ಸೆಕೆಂಡ್ ಮಾತ್ರ. ಈ ವೇಗದಲ್ಲಿ ಮನುಷ್ಯನು ಕೈಯಿಂದ ಹಲಗೆ ಎಳೆಯುವುದು ಅಸಾಧ್ಯ.

ಪೇರಿಸುವ ಯಂತ್ರ

ವಿಂಗಡಿಸಿದ ಹಲಗೆಗಳನ್ನು ಒಣಗಿಸುವ ಮೊದಲು ಅಟ್ಟಿಯಾಗಿ ಜೋಡಿಸುವ ಯಂತ್ರವೇ ಸ್ಟ್ಯಾಕರ್. ಅದು ಹಲಗೆಗಳನ್ನು ಪಕ್ಕಪಕ್ಕದಲ್ಲಿ ಒತ್ತಿ ಒಂದು ಪದರವನ್ನಾಗಿಸಿ, ತುದಿಗಳನ್ನು ಸಮಗೊಳಿಸಿ, ಉದ್ದನೆಯ ಲೋಹದ ತೋಳುಗಳಿಂದ ಪದರವನ್ನು ಅಟ್ಟಿಯ ಮೇಲಕ್ಕೆ ಒಯ್ಯುತ್ತದೆ. ತೋಳುಗಳು ಹಿಂದೆ ಸರಿದಾಗ ಪದರ ಅಲ್ಲೇ ಉಳಿಯುತ್ತದೆ. ಅಟ್ಟಿಯನ್ನು ಹೊತ್ತ ವೇದಿಕೆಯು ಒಂದು ಪದರದಷ್ಟು ಕೆಳಗಿಳಿದು ಮುಂದಿನ ಪದರಕ್ಕೆ ಸಿದ್ಧವಾಗುತ್ತದೆ.

ಎರಡು ಪದರಗಳ ನಡುವೆ ಗಾಳಿಯಾಡಲು ತೆಳ್ಳನೆಯ ಅಂತರಪಟ್ಟಿಗಳನ್ನು ಅಡ್ಡಲಾಗಿ ಇಡಬೇಕು. ಇವುಗಳ ದಪ್ಪ ಸಾಮಾನ್ಯವಾಗಿ 19ರಿಂದ 25 ಮಿಲಿಮೀಟರ್. ಮರದ ತೇವಾಂಶ ಸುಮಾರು 30 ಪ್ರತಿಶತಕ್ಕಿಂತ ಕೆಳಗೆ ಇಳಿದ ಮೇಲೆ ಅದು ಕುಗ್ಗತೊಡಗುತ್ತದೆ. ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಕುಗ್ಗದ ಕಾರಣ ಹಲಗೆ ಬಾಗಲು ಅಥವಾ ತಿರುಚಿಕೊಳ್ಳಲು ಪ್ರಯತ್ನಿಸುತ್ತದೆ. ಅದನ್ನು ನೇರವಾಗಿ ಹಿಡಿದಿಡುವುದು ಮೇಲಿನ ಪದರಗಳ ಭಾರ.

ಆ ಭಾರ ಸರಿಯಾಗಿ ಕೆಳಗಿಳಿಯಬೇಕಾದರೆ ಎಲ್ಲ ಪದರಗಳ ಅಂತರಪಟ್ಟಿಗಳೂ ಒಂದರ ನೇರಕ್ಕೆ ಒಂದು, ಕಂಬದಂತೆ, ನಿಂತಿರಬೇಕು. ಒಂದು ಪಟ್ಟಿ ಪಕ್ಕಕ್ಕೆ ಸರಿದರೆ ಭಾರವು ಹಲಗೆಯ ನಡುಭಾಗದ ಮೇಲೆ ಬೀಳುತ್ತದೆ. ಹಲಗೆ ಅದೇ ಬಾಗಿನಲ್ಲಿ ಒಣಗಿ ಗಟ್ಟಿಯಾಗುತ್ತದೆ. ಗರಗಸ ಎಷ್ಟೇ ನಿಖರವಾಗಿ ಕೊಯ್ದಿದ್ದರೂ ಆ ನಷ್ಟವನ್ನು ಮತ್ತೆ ಸರಿಪಡಿಸಲಾಗದು. ಹತ್ತಾರು ವರ್ಷ ಬೆಳೆದ ಮರವೊಂದು ಪೇರಿಸುವಾಗಿನ ಅಜಾಗರೂಕತೆಯಿಂದ ಸೌದೆಯ ಬೆಲೆಗೆ ಇಳಿಯುತ್ತದೆ.

ಅಂಗಳದಲ್ಲಿ ಸಾಗಣೆ

ಒಣಗಿಸಿ ಕಟ್ಟಿದ ಅಟ್ಟಿಗಳನ್ನು ಅಂಗಳದಲ್ಲಿ ಸಾಮಾನ್ಯವಾಗಿ ಫೋರ್ಕ್‌ಲಿಫ್ಟ್‌ಗಳು ಸಾಗಿಸುತ್ತವೆ. 1913ರಲ್ಲಿ ಎಚ್. ಬಿ. ರಾಸ್ ಎಂಬವರು ಅಟ್ಟಿಯ ಎರಡೂ ಬದಿಗೆ ಕಾಲೂರಿ ನಿಂತು, ಅದನ್ನು ತನ್ನ ಹೊಟ್ಟೆಯಡಿಯಲ್ಲಿ ಎತ್ತಿಕೊಂಡು ಓಡುವ ವಾಹನವನ್ನು ರೂಪಿಸಿದರು. ಸ್ಟ್ರಾಡಲ್ ಕ್ಯಾರಿಯರ್ ಎಂಬ ಹೆಸರಿನ ಈ ವಾಹನವು ಹಲಗೆ ಸಾಗಿಸಲು ಹುಟ್ಟಿದ್ದು. ಅದೇ ತತ್ತ್ವದ ಬೃಹತ್ ವಾಹನಗಳು ಇಂದು ಜಗತ್ತಿನ ಅನೇಕ ಬಂದರುಗಳಲ್ಲಿ ಕಂಟೇನರ್‌ಗಳನ್ನು ಸಾಗಿಸುತ್ತಿವೆ.

ಸುರಕ್ಷತೆ

ಯಂತ್ರಗಳು ಬೆನ್ನುನೋವು ಮತ್ತು ಭಾರ ಎತ್ತುವ ಅಪಾಯವನ್ನು ತಗ್ಗಿಸಿದರೂ ಹೊಸ ಅಪಾಯಗಳನ್ನು ತಂದಿವೆ. ಸರಪಳಿ ಮತ್ತು ಹಲ್ಲುಚಕ್ರ ಸೇರುವ ಜಾಗದಲ್ಲಿ ಕೈ ಅಥವಾ ಬಟ್ಟೆ ಸಿಕ್ಕಿಕೊಳ್ಳಬಹುದು. ಸಾಲಿನ ನಡುವೆ ಅಡ್ಡಸಿಕ್ಕಿದ ಹಲಗೆಯನ್ನು ಬಿಡಿಸಲು ಹೋಗುವುದು ವಿಶೇಷವಾಗಿ ಅಪಾಯಕಾರಿ. ಯಂತ್ರ ನಿಂತಂತೆ ಕಂಡರೂ ಹೈಡ್ರಾಲಿಕ್ ಒತ್ತಡ, ಸಂಕುಚಿತ ಗಾಳಿ ಅಥವಾ ಎತ್ತಿ ನಿಲ್ಲಿಸಿದ ಭಾರದಲ್ಲಿ ಶಕ್ತಿ ಅಡಗಿರುತ್ತದೆ. ಆದ್ದರಿಂದ ದುರಸ್ತಿಗೆ ಮುನ್ನ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ದುರಸ್ತಿ ಮಾಡುವವನೇ ಇಟ್ಟುಕೊಳ್ಳಬೇಕು. ಉಳಿದ ಒತ್ತಡವನ್ನೂ ಬಿಡುಗಡೆ ಮಾಡಬೇಕು. ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ನಿಯಮವು ಈ ಬೀಗದ ಪದ್ಧತಿಯನ್ನು ಕಡ್ಡಾಯಗೊಳಿಸಿತು.

ಮರದ ಸೂಕ್ಷ್ಮ ಧೂಳು ಇನ್ನೊಂದು ಅಪಾಯ. 2012ರ ಜನವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬರ್ನ್ಸ್ ಲೇಕ್‌ನಲ್ಲಿಯೂ, ಏಪ್ರಿಲ್‌ನಲ್ಲಿ ಅದೇ ಪ್ರಾಂತ್ಯದ ಪ್ರಿನ್ಸ್ ಜಾರ್ಜ್‌ನಲ್ಲಿಯೂ ಸಾಮಿಲ್‌ಗಳು ಧೂಳಿನ ಸ್ಫೋಟದಿಂದ ನಾಶವಾದವು. ಎರಡೂ ಕಡೆ ತಲಾ ಇಬ್ಬರು ಕಾರ್ಮಿಕರು ಮೃತಪಟ್ಟರು, ಅನೇಕರು ಗಾಯಗೊಂಡರು. ಕನ್ವೇಯರ್‌ಗಳ ಕೆಳಗೆ ಶೇಖರವಾಗುವ ಧೂಳನ್ನು ದಿನವೂ ತೆಗೆಯುವುದು ಪ್ರಾಣರಕ್ಷಣೆಯ ವಿಷಯವೆಂಬುದನ್ನು ಈ ದುರಂತಗಳು ತೋರಿಸಿದವು.

ಭಾರತದಲ್ಲಿ

ಗುಜರಾತಿನ ಕಾಂಡ್ಲಾ ಬಂದರು ಭಾರತದಲ್ಲಿ ಮರದ ಆಮದಿನ ಪ್ರಮುಖ ಕೇಂದ್ರ. ಅದರ ಸಮೀಪದ ಗಾಂಧಿಧಾಮದಲ್ಲಿ ಸಾಮಿಲ್‌ಗಳು ಬಹುಸಂಖ್ಯೆಯಲ್ಲಿವೆ. ದೇಶದ ಬಹುತೇಕ ಸಾಮಿಲ್‌ಗಳು ಚಿಕ್ಕವು. ಕರ್ನಾಟಕದ ಊರುಗಳಲ್ಲಿ ಕಾಣುವ ಸಾಮಿಲ್‌ನಲ್ಲಿ ಹಳಿಯ ಮೇಲಿನ ಟ್ರಾಲಿ, ಚೈನ್ ಬ್ಲಾಕ್ ಮತ್ತು ಹಾರೆಗಳೇ ಸಾಗಣೆಯ ಮುಖ್ಯ ಸಾಧನಗಳು. ಹಲಗೆ ಹೊರುವುದು, ಪೇರಿಸುವುದು ಕಾರ್ಮಿಕರ ಹೆಗಲಿನ ಮೇಲೆಯೇ ನಡೆಯುತ್ತದೆ. ಹಿಂದೆ ಕೊಡಗು ಮತ್ತು ಮೈಸೂರು ಸೀಮೆಯ ಕಾಡುಗಳಲ್ಲಿ ದಿಮ್ಮಿ ಎಳೆಯಲು, ಲಾರಿಗೆ ಏರಿಸಲು ಪಳಗಿದ ಆನೆಗಳನ್ನು ಬಳಸುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರ ಒಣಗಿಸುವಿಕೆ ಮುಂತಾದ ವಿಷಯಗಳಲ್ಲಿ ಸಂಶೋಧನೆ ನಡೆಸುತ್ತದೆ.

1948ರ ಕಾರ್ಖಾನೆಗಳ ಕಾಯ್ದೆಯು ಯಂತ್ರಗಳಿಗೆ ರಕ್ಷಣಾ ಬೇಲಿ ಹಾಕುವುದನ್ನು 21ನೆಯ ಕಲಮಿನಲ್ಲಿಯೂ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂಬುದನ್ನು 34ನೆಯ ಕಲಮಿನಲ್ಲಿಯೂ ವಿಧಿಸಿತು. ಮೂಲ ಕಾಯ್ದೆಯಂತೆ, ವಿದ್ಯುತ್ತಿನಂತಹ ಯಂತ್ರಬಲ ಬಳಸುವ ಕಡೆ 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಐದಾರು ಜನ ದುಡಿಯುವ ಸಾಮಿಲ್ ಈ ವ್ಯಾಖ್ಯೆಯ ಹೊರಗೆ ಉಳಿಯುತ್ತಿತ್ತು. ಇಂತಹ ಸಣ್ಣ ಸಾಮಿಲ್‌ಗೆ ಸ್ವಯಂಚಾಲಿತ ಸ್ಟ್ಯಾಕರ್ ದುಬಾರಿಯಾಗಬಹುದು. ಆದರೆ ಉರುಳೆಗಳ ಮೇಜು, ಚಕ್ರವುಳ್ಳ ಗಾಡಿ, ಸರಪಳಿಗೆ ತಗಡಿನ ಹೊದಿಕೆ ಮತ್ತು ನೇರವಾಗಿ ಇಟ್ಟ ಅಂತರಪಟ್ಟಿಗಳಿಗೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಇವುಗಳಿಂದ ಕಾರ್ಮಿಕನ ಶ್ರಮ ಮತ್ತು ಮರದ ನಷ್ಟ ಎರಡೂ ಕಡಿಮೆಯಾಗುತ್ತವೆ.