ಹಾಜರಾತಿ ಆ್ಯಪ್‌ಗೆ ಲೊಕೇಶನ್ ಕೊಡಬೇಕು ಸರಿ, ಆದ್ರೆ ಎಷ್ಟು ಹೊತ್ತು?

ಸಾಸಲು: ಬೆಳಗ್ಗೆ ನಮ್ಮ ಹೋಬಳಿಯಿಂದ ದೊಡ್ಡಬಳ್ಳಾಪುರ, ಬಾಶೆಟ್ಟಿಹಳ್ಳಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು ಗೇಟಿನ ಯಂತ್ರಕ್ಕೆ ಬೆರಳೋ ಮುಖವೋ ತೋರಿಸಿ ಒಳಗೆ ಹೋದರೆ ಹಾಜರಿ ಮುಗೀತು. ಸೇಲ್ಸ್, ಸಾಲದ ಕಂತು ವಸೂಲಿ, ಡೆಲಿವರಿ ಅಂತ ಊರೂರು ಸುತ್ತುವವರಿಗೆ ಗೇಟೇ ಇಲ್ಲ. ಅವರ ಹಾಜರಿ ಸ್ವಂತ ಮೊಬೈಲ್‌ನಲ್ಲಿ. 'ಪಂಚ್ ಇನ್' ಒತ್ತಿದ ಕೂಡಲೇ ಫೋನ್ ಎಲ್ಲಿದೆ ಅನ್ನೋದು ಕಂಪನಿಗೆ ತಿಳಿಯುತ್ತೆ. ಸಂಜೆ 'ಪಂಚ್ ಔಟ್' ಆದ ಮೇಲೂ ತಿಳೀತಾ ಇರುತ್ತಾ? ವಿಷಯ ಇರೋದು ಅಲ್ಲೇ.

ಜಾಗ ನೋಡಿ ಹಾಜರಿ ಹಾಕೋದು ಹಳ್ಳಿಗೆ ಹೊಸದಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಎನ್‌ಎಂಎಂಎಸ್ ಆ್ಯಪ್ 2021ರಲ್ಲಿ ಬಂತು, 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಕಡ್ಡಾಯವಾಯ್ತು. ಕಾಯಕ ಬಂಧು ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೀಬೇಕು, ಅದರಲ್ಲಿ ಜಾಗ, ಸಮಯ ಎರಡೂ ದಾಖಲಾಗಬೇಕು. ಫೋಟೊ ಅಪ್‌ಲೋಡ್ ಆಗದಿದ್ದರೆ ಮಣ್ಣು ಅಗೆದವರ ಕೂಲಿಗೇ ಕುತ್ತು. ಇಷ್ಟು ಬಿಗಿ ಮಾಡಿದ್ರೂ ಮೋಸ ನಿಲ್ಲಲಿಲ್ಲ. ಫೋಟೊದ ಫೋಟೊ ತೆಗೆದು ಹಾಕ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. ಆದರೂ ಒಂದು ಮಾತು ಹೇಳಬೇಕು: ಅಲ್ಲಿ ಫೋನ್ ಕಾಯಕ ಬಂಧುವಿನದು, ಲೆಕ್ಕಕ್ಕೆ ಬರೋದು ಕೆಲಸದ ಜಾಗ ಮಾತ್ರ. ಕಂಪನಿ ಆ್ಯಪ್ ಹಾಗಲ್ಲ, ನಿಮ್ಮ ಜೇಬಿನಲ್ಲಿ ಮನೆವರೆಗೂ ಬರುತ್ತೆ.

ಈ ಆ್ಯಪ್‌ಗಳಲ್ಲಿ ಎರಡು ಬಗೆ. ಕೆಲವು ನಕ್ಷೆ ಮೇಲೆ ಕೆಲಸದ ಜಾಗದ ಸುತ್ತ ಒಂದು ಗೆರೆ ಹಾಕಿ, ಒತ್ತಿದ ಕ್ಷಣಕ್ಕೆ ನೀವು ಅದರೊಳಗೆ ಇದ್ದೀರಾ ಅಂತ ಮಾತ್ರ ನೋಡುತ್ತವೆ. ಇನ್ನು ಕೆಲವು ಕೆಲವೇ ನಿಮಿಷಕ್ಕೊಮ್ಮೆ ಲೊಕೇಶನ್ ಕಳಿಸ್ತಾನೇ ಇರುತ್ತವೆ. ನಿಮ್ಮದು ಯಾವ ಬಗೆ ಅನ್ನೋದಕ್ಕೆ ಫೋನ್‌ನಲ್ಲೇ ಸುಳಿವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಲೊಕೇಶನ್ ಅನುಮತಿ ತೆರೆಯಿರಿ. 'ಆ್ಯಪ್ ಬಳಸುವಾಗ ಮಾತ್ರ' ಅಂತಿದ್ದರೆ ಪರವಾಗಿಲ್ಲ. 'ಯಾವಾಗಲೂ' ಅಂತಿದ್ದರೆ ಭಾನುವಾರ ನೀವು ಯಾರ ಮನೆಗೆ ಹೋದಿರಿ, ಯಾವ ಆಸ್ಪತ್ರೆ ಮುಂದೆ ಕೂತಿದ್ರಿ ಅನ್ನೋದೂ ಕಂಪನಿಗೆ ಹೋಗಬಹುದು. ಇನ್ನೊಂದು, ಶೀಟು ಹಾಕಿದ ಕಟ್ಟಡದೊಳಗೆ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುತ್ತೆ. 'ಗೆರೆ ಆಚೆ ಇದ್ದೀರಿ' ಅಂತ ಬಂದರೆ ಆಗಲೇ ಸ್ಕ್ರೀನ್‌ಶಾಟ್ ತೆಗೆದು ಸೂಪರ್‌ವೈಸರ್‌ಗೆ ಕಳಿಸಿ. ಸಂಬಳ ಕಟ್ಟಾದ ಮೇಲೆ ಸಾಕ್ಷಿ ಹುಡುಕೋದು ಕಷ್ಟ.

ಕಾನೂನು ಏನನ್ನುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 7ನೇ ಸೆಕ್ಷನ್ ಪ್ರಕಾರ 'ಉದ್ಯೋಗದ ಉದ್ದೇಶ'ಕ್ಕೆ ಮಾಲೀಕರು ನಿಮ್ಮ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಹಾಗಾಗಿ ಹಾಜರಿಗೇ ಲೊಕೇಶನ್ ಕೊಡಲ್ಲ ಅನ್ನೋ ವಾದ ಗಟ್ಟಿಯಾಗಿ ನಿಲ್ಲಲ್ಲ. ಆದರೆ ರಾತ್ರಿ ಹತ್ತಕ್ಕೆ ನೀವು ಎಲ್ಲಿದ್ದೀರಿ ಅನ್ನೋದು ಹಾಜರಿ ಹೇಗಾಗುತ್ತೆ? ಅದಕ್ಕೆ ಬೇರೆಯಾಗಿ ಒಪ್ಪಿಗೆ ಕೇಳಬೇಕಾಗುತ್ತೆ. ಆ ಒಪ್ಪಿಗೆಯ ನೋಟಿಸನ್ನ ಕನ್ನಡದಲ್ಲೂ ಓದೋ ಅವಕಾಶ ಇರಬೇಕು, ಒಪ್ಪಿಗೆ ವಾಪಸ್ ತಗೊಳ್ಳೋಕೂ ಆಗಬೇಕು. ಮಾಹಿತಿ ಸೋರದಂತೆ ಕಾಯೋದು ಕಂಪನಿ ಹೊಣೆ, ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ.

ಒಂದು ತೊಡಕಿದೆ. ಕಾಯ್ದೆಯ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಅಲ್ಲಿವರೆಗೆ ಕಾಯ್ದೆ ಹೆಸರಲ್ಲಿ ಜಗಳಕ್ಕೆ ಹೋಗೋದಕ್ಕಿಂತ ಎಚ್‌ಆರ್‌ಗೆ ಒಂದು ಇ-ಮೇಲ್ ಹಾಕೋದು ಮೇಲು: ಲೊಕೇಶನ್ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ತಗೋತೀರಿ, ಎಷ್ಟು ದಿನ ಇಟ್ಕೋತೀರಿ, ಯಾರು ನೋಡ್ತಾರೆ? ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ. ಲೊಕೇಶನ್ ತಪ್ಪು ತೋರಿಸಿ ಸಂಬಳ ಕಡಿತ ಆಗಿದ್ದರೆ ಅದು ಬೇರೆ ವಿಷಯ, ಅದಕ್ಕೆ 2027ರವರೆಗೆ ಕಾಯಬೇಕಿಲ್ಲ. ಸ್ಕ್ರೀನ್‌ಶಾಟ್, ಸಂಬಳದ ಚೀಟಿ ಹಿಡಿದು ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಬಹುದು.