ಯುದ್ಧಕ್ಕೆ ಕಾರ್ಮಿಕರ ವಿರೋಧ: ಒಂದೆಡೆ ಮನಸ್ಸಾಕ್ಷಿ, ಇನ್ನೊಂದೆಡೆ ಕೂಲಿ

2008ರ ಮೇ 1ರಂದು ಅಮೆರಿಕದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಬೆಳಗಿನ ಪಾಳಿ ಆರಂಭವಾಗಲಿಲ್ಲ. ದಕ್ಷಿಣದ ಸ್ಯಾನ್ ಡಿಯಾಗೋದಿಂದ ಉತ್ತರದಲ್ಲಿ ಕೆನಡಾ ಗಡಿಯ ಸಮೀಪದವರೆಗೆ 29 ಬಂದರುಗಳಲ್ಲಿ ಕ್ರೇನುಗಳು ನಿಂತಲ್ಲೇ ನಿಂತವು. ಕೆಲಸಕ್ಕೆ ಬಾರದ ಸಾವಿರಾರು ಕಾರ್ಮಿಕರು ಆ ದಿನ ವೇತನ ಹೆಚ್ಚಳ ಕೇಳಿರಲಿಲ್ಲ, ಬೋನಸ್ಸನ್ನೂ ಕೇಳಿರಲಿಲ್ಲ. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳನ್ನು ನಿಲ್ಲಿಸಿ, ಸೈನಿಕರನ್ನು ಮನೆಗೆ ಕರೆಸಿಕೊಳ್ಳಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಐಎಲ್‌ಡಬ್ಲ್ಯುಯು ಎಂಬ ಹಡಗುಕಟ್ಟೆ ಕಾರ್ಮಿಕರ ಸಂಘ ಈ ಎಂಟು ಗಂಟೆಗಳ ಸ್ಥಗಿತಕ್ಕೆ ಕರೆ ನೀಡಿತ್ತು. ಒಪ್ಪಂದದ ಪ್ರಕಾರ ಕೆಲಸಕ್ಕೆ ಹಾಜರಾಗುವಂತೆ ಸದಸ್ಯರಿಗೆ ಸೂಚಿಸಬೇಕೆಂದು ಮಧ್ಯಸ್ಥಗಾರರು ಸಂಘಕ್ಕೆ ಆದೇಶಿಸಿದ್ದರು. ಆದರೂ ಕಾರ್ಮಿಕರು ಬರಲಿಲ್ಲ. ಸಾಗರದಾಚೆ ಇರಾಕಿನ ಬಂದರು ಕಾರ್ಮಿಕರೂ ಅದೇ ದಿನ ಒಂದು ಗಂಟೆ ಕೆಲಸ ನಿಲ್ಲಿಸಿ ಅವರಿಗೆ ಬೆಂಬಲ ಸೂಚಿಸಿದರು.

ಸಂಜೆಯ ಪಾಳಿ ಎಂದಿನಂತೆ ನಡೆಯಿತು. ಯುದ್ಧವೂ ನಡೆಯಿತು. ಅಮೆರಿಕದ ಸೇನೆ ಇರಾಕಿನಿಂದ ಹೊರಬಂದದ್ದು 2011ರ ಡಿಸೆಂಬರಿನಲ್ಲಿ. ಹಾಗಿದ್ದರೆ ಆ ಎಂಟು ಗಂಟೆಗಳಿಂದ ಆದದ್ದೇನು? ಸರಕಾರಗಳು ಯುದ್ಧಕ್ಕೆ ಇಳಿದಾಗ ಕಾರ್ಮಿಕ ಸಂಘಟನೆಗಳು ಅದನ್ನು ತಡೆಯಬಲ್ಲವೇ? ನೂರು ವರ್ಷಗಳಿಗೂ ಹಳೆಯದಾದ ಈ ಪ್ರಶ್ನೆಗೆ ಚರಿತ್ರೆ ನೀಡುವ ಉತ್ತರ ಸರಳವಾಗಿಲ್ಲ.

1914: ಮಾತು ಮುರಿದ ಆಗಸ್ಟ್

ಯುದ್ಧದಲ್ಲಿ ಸಾಯುವವರು ದುಡಿಯುವವರ ಮಕ್ಕಳು, ಅದರ ವೆಚ್ಚ ಭರಿಸುವವರೂ ದುಡಿಯುವವರೇ ಎಂಬ ವಾದ ಯುರೋಪಿನ ಕಾರ್ಮಿಕ ಚಳವಳಿಯಷ್ಟೇ ಹಳೆಯದು. 1907ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ, 1912ರಲ್ಲಿ ಬಾಸೆಲ್‌ನಲ್ಲಿ ಸಮಾವೇಶಗೊಂಡ ಸಮಾಜವಾದಿ ಪಕ್ಷಗಳ ಅಂತರರಾಷ್ಟ್ರೀಯ ಒಕ್ಕೂಟವು, ಯುದ್ಧವನ್ನು ಸಾಧ್ಯವಿರುವ ಎಲ್ಲ ಮಾರ್ಗಗಳಿಂದಲೂ ತಡೆಯಬೇಕೆಂದು ನಿರ್ಣಯಿಸಿತ್ತು.

ಯಾವ ಮಾರ್ಗದಿಂದ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಯುದ್ಧ ಒದಗಿದರೆ ಸಾರ್ವತ್ರಿಕ ಮುಷ್ಕರ ಹೂಡಬೇಕೆಂದು ಬ್ರಿಟನ್ನಿನ ಕೀರ್ ಹಾರ್ಡಿ ಮತ್ತು ಫ್ರಾನ್ಸಿನ ಎಡ್ವರ್ಡ್ ವೈಯಾಂ 1910ರಲ್ಲಿ ಸೂಚಿಸಿದ್ದರು. ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಕಾರ್ಮಿಕರ ಸಂಘಟನೆ ಎಲ್ಲಿ ಬಲವಾಗಿದೆಯೋ ಆ ದೇಶವೇ ಮೊದಲು ದುರ್ಬಲವಾಗುತ್ತದೆ. ಸಂಘಟನೆಯೇ ಇಲ್ಲದ ದೇಶದ ಸೇನೆ ಗಡಿ ದಾಟಿ ಬರುತ್ತದೆ ಎಂಬ ಭಯ ಅನೇಕರನ್ನು, ಅದರಲ್ಲಿಯೂ ಜರ್ಮನರನ್ನು, ಕಾಡುತ್ತಿತ್ತು. ಆ ಭಯ ಆಧಾರರಹಿತವಾಗಿರಲಿಲ್ಲ.

1914ರ ಜುಲೈ 31ರಂದು ಫ್ರಾನ್ಸಿನ ಶಾಂತಿವಾದಿ ನಾಯಕ ಜೀನ್ ಜೋರೆಸ್ ಅವರ ಹತ್ಯೆಯಾಯಿತು. ಆಗಸ್ಟ್ 4ರಂದು ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಯುದ್ಧದ ಸಾಲಕ್ಕೆ ಸಂಸತ್ತಿನಲ್ಲಿ ಮತ ಹಾಕಿತು. ಅಲ್ಲಿನ ಕಾರ್ಮಿಕ ಸಂಘಗಳು ಮುಷ್ಕರಗಳನ್ನು ಕೈಬಿಟ್ಟವು. ಫ್ರಾನ್ಸ್, ಬ್ರಿಟನ್‌ಗಳ ಬಹುಪಾಲು ಸಂಘಟನೆಗಳೂ ತಮ್ಮ ತಮ್ಮ ಸರಕಾರಗಳ ಹಿಂದೆ ನಿಂತವು. ಬರ್ಲಿನ್‌ನಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳ ಕೆಲಸಗಾರರೂ ಸೇರಿದಂತೆ ಸುಮಾರು 4 ಲಕ್ಷ ಮಂದಿ ಶಾಂತಿಗಾಗಿ ಮುಷ್ಕರಕ್ಕಿಳಿದದ್ದು 1918ರ ಜನವರಿಯಲ್ಲಿ. ಅಷ್ಟರಲ್ಲಿ ಲಕ್ಷಾಂತರ ಜೀವಗಳು ಮಣ್ಣಾಗಿದ್ದವು.

ಹಡಗುಕಟ್ಟೆಯ ಬಲ

ಯುದ್ಧವನ್ನೇ ನಿಲ್ಲಿಸಲಾಗದ ಸಂಘಗಳು ಯುದ್ಧದ ಒಂದು ಹಡಗನ್ನು ನಿಲ್ಲಿಸಿದ ನಿದರ್ಶನಗಳಿವೆ. 1920ರ ಮೇ ತಿಂಗಳಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಹಡಗುಕಟ್ಟೆಯಲ್ಲಿ 'ಜಾಲಿ ಜಾರ್ಜ್' ಎಂಬ ಹಡಗು ನಿಂತಿತ್ತು. ಸೋವಿಯತ್ ರಷ್ಯದೊಡನೆ ಕಾದಾಡುತ್ತಿದ್ದ ಪೋಲೆಂಡಿಗೆ ಅದು ಶಸ್ತ್ರಾಸ್ತ್ರ ಒಯ್ಯಬೇಕಿತ್ತು. ಕಾರ್ಮಿಕರು ಸರಕು ತುಂಬಲು ಒಪ್ಪಲಿಲ್ಲ. ಕಲ್ಲಿದ್ದಲು ತುಂಬುವವರೂ ಕೈಕಟ್ಟಿ ನಿಂತರು. ಕೊನೆಗೆ ಶಸ್ತ್ರಾಸ್ತ್ರಗಳನ್ನು ಕೆಳಗಿಳಿಸಬೇಕಾಯಿತು. ರಷ್ಯದ ವಿರುದ್ಧ ನೇರ ಯುದ್ಧಕ್ಕಿಳಿದರೆ ಸಾರ್ವತ್ರಿಕ ಮುಷ್ಕರ ಹೂಡುವುದಾಗಿ ಬ್ರಿಟನ್ನಿನ ಕಾರ್ಮಿಕ ಚಳವಳಿ ಆಗಸ್ಟಿನಲ್ಲಿ ಸರಕಾರವನ್ನು ಎಚ್ಚರಿಸಿತು. ಬ್ರಿಟನ್ ಯುದ್ಧಕ್ಕಿಳಿಯಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಈ ಎಚ್ಚರಿಕೆಯೂ ಅವುಗಳಲ್ಲೊಂದು.

ಇಂತಹ ನಿರಾಕರಣೆಗೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಪೋರ್ಟ್ ಕೆಂಬ್ಲಾ ಸಾಕ್ಷಿ. 1938ರ ನವೆಂಬರ್ 15ರಂದು ಅಲ್ಲಿನ ಸುಮಾರು 180 ಬಂದರು ಕಾರ್ಮಿಕರು 'ಡಾಲ್‌ಫ್ರಾಮ್' ಹಡಗಿಗೆ ಬೀಡುಕಬ್ಬಿಣ ತುಂಬಲು ನಿರಾಕರಿಸಿದರು. ಆ ಕಬ್ಬಿಣ ಜಪಾನಿಗೆ ಹೋಗುತ್ತದೆ, ಬಾಂಬಾಗಿ ಚೀನಾದ ಮೇಲೆ ಬೀಳುತ್ತದೆ, ನಾಳೆ ನಮ್ಮ ಮೇಲೂ ಬೀಳಬಹುದು ಎಂಬುದು ಅವರ ವಾದವಾಗಿತ್ತು. ಕಂಪನಿ ಉಕ್ಕಿನ ಕಾರ್ಖಾನೆಯನ್ನೇ ಮುಚ್ಚಿ ಸುಮಾರು 4 ಸಾವಿರ ಕೆಲಸಗಾರರನ್ನು ಮನೆಗೆ ಕಳುಹಿಸಿತು. ಎರಡು ತಿಂಗಳ ನಂತರ, 1939ರ ಜನವರಿಯಲ್ಲಿ, ಕಾರ್ಮಿಕರು ತಮ್ಮ ಪ್ರತಿಭಟನೆಯನ್ನು ದಾಖಲಿಸಿ ಸರಕು ತುಂಬಿದರು. ಲೆಕ್ಕದ ಪ್ರಕಾರ ಅವರು ಸೋತರು. 1942ರ ಫೆಬ್ರವರಿಯಲ್ಲಿ ಜಪಾನಿನ ವಿಮಾನಗಳು ಆಸ್ಟ್ರೇಲಿಯದ ಡಾರ್ವಿನ್ ನಗರದ ಮೇಲೆ ಬಾಂಬ್ ಸುರಿದವು. ರಫ್ತಿನ ಪರ ವಾದಿಸಿದ್ದ ಸಚಿವ ರಾಬರ್ಟ್ ಮೆನ್ಜೀಸ್ ಮುಂದೆ ಪ್ರಧಾನಿಯಾದರೂ 'ಬೀಡುಕಬ್ಬಿಣದ ಬಾಬ್' ಎಂಬ ಅಡ್ಡಹೆಸರು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ವಿಯೆಟ್ನಾಂನಿಂದ ಇರಾಕಿಗೆ

ಅಮೆರಿಕದ ಕಾರ್ಮಿಕ ಚಳವಳಿಯ ಮುಖ್ಯವಾಹಿನಿ ಬಹುಕಾಲ ಯುದ್ಧದ ಪರವಾಗಿಯೇ ಇತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಾಷ್ಟ್ರೀಯ ಒಕ್ಕೂಟ ಎಎಫ್‌ಎಲ್-ಸಿಐಒದ ಅಧ್ಯಕ್ಷರಾಗಿದ್ದ ಜಾರ್ಜ್ ಮೀನಿ ಸರಕಾರದ ದೃಢ ಬೆಂಬಲಿಗರು. 1967ರ ನವೆಂಬರಿನಲ್ಲಿ ಷಿಕಾಗೊದಲ್ಲಿ ಸೇರಿದ ನೂರಾರು ಸಂಘಗಳ ಮುಖಂಡರು ಶಾಂತಿಗಾಗಿ ದನಿ ಎತ್ತಿದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಮಾತನಾಡಿದರು. ಆದರೆ 1970ರ ಮೇ 8ರಂದು ನ್ಯೂಯಾರ್ಕಿನಲ್ಲಿ ಕಟ್ಟಡ ಕಾರ್ಮಿಕರೇ ಯುದ್ಧವಿರೋಧಿ ವಿದ್ಯಾರ್ಥಿಗಳನ್ನು ಬೀದಿಯಲ್ಲಿ ಥಳಿಸಿದರು. ಕಾರ್ಮಿಕರೆಂದರೆ ಸಹಜವಾಗಿಯೇ ಯುದ್ಧವಿರೋಧಿಗಳು ಎಂದು ಭಾವಿಸುವವರು ಆ ದಿನವನ್ನು ಮರೆಯಬಾರದು.

ಇರಾಕ್ ಯುದ್ಧದ ವೇಳೆಗೆ ಗಾಳಿ ಬೇರೆ ದಿಕ್ಕಿಗೆ ಬೀಸಿತ್ತು. ದಾಳಿ ಆರಂಭವಾಗುವ ಮುನ್ನವೇ, 2003ರ ಜನವರಿಯಲ್ಲಿ, ಷಿಕಾಗೊದಲ್ಲಿ 'ಯು.ಎಸ್. ಲೇಬರ್ ಅಗೇನ್ಸ್ಟ್ ದ ವಾರ್' ಎಂಬ ವೇದಿಕೆ ರೂಪುಗೊಂಡಿತು. ಸಾರ್ವಜನಿಕ ವಲಯದಲ್ಲಿ ಸಂಘ ಕಟ್ಟುವುದನ್ನು ನಿಷೇಧಿಸಿ ಸದ್ದಾಂ ಹುಸೇನ್ 1987ರಲ್ಲಿ ಮಾಡಿದ್ದ ಕಾನೂನನ್ನು ಅಮೆರಿಕದ ಆಡಳಿತವೂ ರದ್ದುಪಡಿಸಲಿಲ್ಲ. ಪ್ರಜಾಪ್ರಭುತ್ವದ ಹೆಸರಿನಲ್ಲಿ ನಡೆದ ಯುದ್ಧವು ಕಾರ್ಮಿಕರ ಹಕ್ಕಿನ ವಿಷಯದಲ್ಲಿ ಸರ್ವಾಧಿಕಾರಿಯ ಕಾನೂನನ್ನೇ ಉಳಿಸಿಕೊಂಡ ಸಂಗತಿ ಅನೇಕರ ಕಣ್ಣು ತೆರೆಸಿತು. 2005ರಲ್ಲಿ ಇರಾಕಿನ ಕಾರ್ಮಿಕ ನಾಯಕರು ಅಮೆರಿಕದ ಊರೂರು ಸುತ್ತಿ ಸಂಘಗಳ ಸಭೆಗಳಲ್ಲಿ ಮಾತನಾಡಿದರು. ಅದೇ ಜುಲೈನಲ್ಲಿ ಎಎಫ್‌ಎಲ್-ಸಿಐಒ ಸಮಾವೇಶ ಸೈನಿಕರನ್ನು ಶೀಘ್ರವಾಗಿ ವಾಪಸು ಕರೆಸಬೇಕೆಂದು ನಿರ್ಣಯಿಸಿತು. ನಡೆಯುತ್ತಿರುವ ಯುದ್ಧವೊಂದನ್ನು ಮುಗಿಸುವಂತೆ ಆ ಒಕ್ಕೂಟ ಕೇಳಿದ್ದು ತನ್ನ 50 ವರ್ಷಗಳ ಇತಿಹಾಸದಲ್ಲಿ ಅದೇ ಮೊದಲು. 2008ರ ಮೇ ದಿನದ ಹಿಂದೆ ಇದ್ದದ್ದು ಈ ಐದು ವರ್ಷಗಳ ಸಿದ್ಧತೆ.

ತಯಾರಿಸುವವರ ಸಂಕಟ

ಶಸ್ತ್ರಾಸ್ತ್ರವನ್ನು ಸಾಗಿಸುವವನು ಒಂದು ಹಡಗನ್ನು ನಿರಾಕರಿಸಿ ಇನ್ನೊಂದರಲ್ಲಿ ಕೂಲಿ ಗಳಿಸಬಲ್ಲ. ಅದನ್ನು ತಯಾರಿಸುವವನ ಪಾಡೇನು? ಯುದ್ಧವಿಮಾನದ ಕಾರ್ಖಾನೆ ಮುಚ್ಚಿದರೆ ಆತನ ಮನೆಯ ಒಲೆ ಆರುತ್ತದೆ. ಸೇನಾ ವೆಚ್ಚಕ್ಕೆ ಕಾರ್ಮಿಕ ಸಂಘಗಳ ವಿರೋಧ ಪದೇ ಪದೇ ಮುಗ್ಗರಿಸಿರುವುದು ಇಲ್ಲಿಯೇ.

ಈ ಗಂಟನ್ನು ಬಿಡಿಸಲು ಗಂಭೀರ ಪ್ರಯತ್ನ ಮಾಡಿದವರು ಬ್ರಿಟನ್ನಿನ ಲೂಕಸ್ ಏರೋಸ್ಪೇಸ್ ಕಂಪನಿಯ ಕೆಲಸಗಾರರು. ಕಂಪನಿಯ ಉತ್ಪಾದನೆಯ ಸುಮಾರು ಅರ್ಧ ಭಾಗ ಸೇನೆಗೆ ಸಂಬಂಧಿಸಿದ್ದು. ಉದ್ಯೋಗ ಕಡಿತದ ಬೆದರಿಕೆ ಎದುರಾದಾಗ ಅವರು ಕೇವಲ ಘೋಷಣೆ ಕೂಗಲಿಲ್ಲ. ಇದೇ ಯಂತ್ರಗಳಲ್ಲಿ, ಇದೇ ಕೌಶಲದಿಂದ ಬೇರೇನು ಮಾಡಬಹುದೆಂದು ತಮ್ಮ ತಮ್ಮಲ್ಲೇ ಕೇಳಿಕೊಂಡರು. 1976ರ ಜನವರಿಯಲ್ಲಿ ಸುಮಾರು 150 ಉತ್ಪನ್ನಗಳ ಯೋಜನೆಯೊಂದನ್ನು ಮುಂದಿಟ್ಟರು. ಮೂತ್ರಪಿಂಡ ರೋಗಿಗಳಿಗೆ ಡಯಾಲಿಸಿಸ್ ಯಂತ್ರ, ಹೀಟ್ ಪಂಪ್, ಪೆಟ್ರೋಲ್ ಮತ್ತು ವಿದ್ಯುತ್ ಎರಡನ್ನೂ ಬಳಸುವ ಹೈಬ್ರಿಡ್ ಎಂಜಿನ್, ರಸ್ತೆಯಲ್ಲೂ ಹಳಿಯ ಮೇಲೂ ಓಡುವ ಬಸ್ಸು ಅದರಲ್ಲಿದ್ದವು. ಕಂಪನಿ ಯೋಜನೆಯನ್ನು ತಿರಸ್ಕರಿಸಿತು. ಅದರ ರೂವಾರಿಗಳಲ್ಲೊಬ್ಬರಾದ ಮೈಕ್ ಕೂಲಿ 1981ರಲ್ಲಿ ಕೆಲಸ ಕಳೆದುಕೊಂಡರು. ಅದೇ ವರ್ಷ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಅಂದು ಕನಸೆನಿಸಿದ ಹೀಟ್ ಪಂಪ್, ಹೈಬ್ರಿಡ್ ವಾಹನಗಳು ಇಂದು ಮಾರುಕಟ್ಟೆಯ ಸಾಮಾನ್ಯ ಸರಕುಗಳು.

ಸೇನಾ ವೆಚ್ಚ ಉದ್ಯೋಗ ಸೃಷ್ಟಿಸುತ್ತದೆ ಎಂಬುದು ನಿಜ. ಎಷ್ಟು ಎಂಬುದು ಮುಖ್ಯ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಪೋಲಿನ್ ಮತ್ತು ಹೈಡಿ ಗ್ಯಾರೆಟ್-ಪೆಲ್ಟಿಯರ್ 2011ರಲ್ಲಿ ಈ ಲೆಕ್ಕ ಹಾಕಿದರು. 100 ಕೋಟಿ ಡಾಲರ್ ಸೇನೆಗೆ ಖರ್ಚಾದರೆ ಸುಮಾರು 11,200 ಉದ್ಯೋಗ, ಅದೇ ಹಣ ಆರೋಗ್ಯಕ್ಕೆ ಖರ್ಚಾದರೆ 17,200, ಶಿಕ್ಷಣಕ್ಕಾದರೆ 26,700. ಆದರೆ ಶಾಲೆಯಲ್ಲಿ ಹುಟ್ಟುವ ಕೆಲಸ ವಿಮಾನ ಕಾರ್ಖಾನೆಯ ಫಿಟ್ಟರ್‌ಗೆ ದೊರೆಯುವುದಿಲ್ಲ. ದೊರೆತರೂ ಅದೇ ಸಂಬಳಕ್ಕಲ್ಲ. ಆದ್ದರಿಂದಲೇ ಅಂಕಿಅಂಶಗಳಲ್ಲಿ ಗೆಲ್ಲುವ ವಾದ ಕಾರ್ಖಾನೆಯ ಗೇಟಿನ ಮುಂದೆ ಸೋಲುತ್ತದೆ.

ನಮ್ಮ ನೆಲದ ನೆನಪುಗಳು

ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಭಾರತೀಯರನ್ನು ಕೇಳದೆಯೇ ಬ್ರಿಟಿಷ್ ಸರಕಾರ ದೇಶವನ್ನು ಎರಡನೇ ಮಹಾಯುದ್ಧಕ್ಕೆ ಎಳೆದಾಗ, 1939ರ ಅಕ್ಟೋಬರ್ 2ರಂದು ಮುಂಬಯಿಯ ಸುಮಾರು 90 ಸಾವಿರ ಕಾರ್ಮಿಕರು ಒಂದು ದಿನದ ಮುಷ್ಕರ ನಡೆಸಿದರು. 1941ರಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ನಂತರ, ಮುಷ್ಕರದ ಮುಂಚೂಣಿಯಲ್ಲಿದ್ದ ಕಮ್ಯುನಿಸ್ಟರು ಯುದ್ಧದ ಪರ ವಾಲಿದರು. ಯಾವ ಯುದ್ಧ, ಯಾರ ವಿರುದ್ಧ ಎಂಬ ಪ್ರಶ್ನೆ ಎದುರಾದಾಗ ಸಂಘಗಳ ನಿಲುವು ಬದಲಾಗುವುದು ಹೊಸದೇನಲ್ಲ.

2024ರ ಫೆಬ್ರವರಿಯಲ್ಲಿ, ಗಾಜಾ ಯುದ್ಧ ನಡೆಯುತ್ತಿದ್ದಾಗ, 11 ಪ್ರಮುಖ ಬಂದರುಗಳ ಸುಮಾರು 3,500 ಕಾರ್ಮಿಕರನ್ನು ಪ್ರತಿನಿಧಿಸುವ ವಾಟರ್ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಫೆಡರೇಷನ್, ಇಸ್ರೇಲಿಗೆ ಹೋಗುವ ಶಸ್ತ್ರಾಸ್ತ್ರಗಳನ್ನು ಮುಟ್ಟುವುದಿಲ್ಲ ಎಂದು ಘೋಷಿಸಿತು. ಅದೇ ಅಕ್ಟೋಬರಿನಲ್ಲಿ ಗ್ರೀಸಿನ ಪಿರೇಯಸ್ ಬಂದರಿನ ಕಾರ್ಮಿಕರು ಇಸ್ರೇಲಿಗೆ ಹೊರಟಿದ್ದ ಮದ್ದುಗುಂಡಿನ ಕಂಟೇನರನ್ನು ತಡೆದರು.

ಇನ್ನು ತಯಾರಿಸುವವರ ಪ್ರಶ್ನೆ ಬೆಂಗಳೂರಿನವರಿಗೆ ಪರಕೀಯವಲ್ಲ. ಎಚ್‌ಎಎಲ್, ಬಿಇಎಲ್, ಬೆಮೆಲ್‌ಗಳ ಸಂಬಳದಿಂದ ಇಲ್ಲಿ ಎಷ್ಟೋ ಕುಟುಂಬಗಳು ಬಾಳಿವೆ, ಎಷ್ಟೋ ಬಡಾವಣೆಗಳು ಬೆಳೆದಿವೆ. ಎಚ್‌ಎಎಲ್ ಹುಟ್ಟಿದ್ದೇ ಯುದ್ಧಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ. ಯುದ್ಧ ಮುಗಿದು ವಿಮಾನಗಳ ಕೆಲಸ ಕಡಿಮೆಯಾದ ಮೇಲೆ ಅದೇ ಸಂಸ್ಥೆ ರೈಲು ಬೋಗಿಗಳನ್ನೂ ತಯಾರಿಸಿತು. ಆ ವಿಭಾಗ ಮುಂದೆ, 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ಗೆ ಸೇರಿತು. ನಮ್ಮ ಮೆಟ್ರೊದ ಮೊದಲ ಹಂತದ ರೈಲುಗಳನ್ನು ಪೂರೈಸಿದ ಕಂಪನಿಗಳ ಕೂಟದಲ್ಲಿ ಬೆಮೆಲ್ ಕೂಡ ಇತ್ತು. ಯುದ್ಧಕ್ಕಾಗಿ ಕಲಿತ ಕೈ ಬೇರೆ ಕೆಲಸವನ್ನೂ ಮಾಡಬಲ್ಲದು ಎಂಬುದಕ್ಕೆ ದೂರದ ಬ್ರಿಟನ್ನಿನ ನಿದರ್ಶನವೇ ಬೇಕಿಲ್ಲ.

ಉಳಿಯುವ ಪ್ರಶ್ನೆ

ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕದಂತೆ 2024ರಲ್ಲಿ ಜಗತ್ತು ಸೇನೆಗಾಗಿ ಸುಮಾರು 2.7 ಲಕ್ಷ ಕೋಟಿ ಡಾಲರ್ ವೆಚ್ಚ ಮಾಡಿತು. ಹಿಂದಿನ ವರ್ಷಕ್ಕಿಂತ ಶೇ 9.4ರಷ್ಟು ಏರಿಕೆ, ಶೀತಲ ಸಮರ ಮುಗಿದ ನಂತರ ಇಷ್ಟು ಕಡಿದಾದ ಏರಿಕೆ ಇರಲಿಲ್ಲ. ವೆಚ್ಚ ಹೆಚ್ಚಿದಂತೆ ಅದರ ಮೇಲೆ ಬದುಕು ಕಟ್ಟಿಕೊಂಡವರ ಸಂಖ್ಯೆಯೂ ಹೆಚ್ಚುತ್ತದೆ. ನಾಳೆ ಆ ವೆಚ್ಚ ತಗ್ಗಿಸಬೇಕೆನ್ನುವ ಸಂಘಕ್ಕೆ ತನ್ನ ಸದಸ್ಯರನ್ನೇ ಎದುರಿಸಬೇಕಾಗುತ್ತದೆ.

ಗಡಿಯಲ್ಲಿ ಅಪಾಯವಿರುವ ದೇಶಕ್ಕೆ ಸೇನೆ ಬೇಡವೆಂದು ಹೇಳುವುದು ಸುಲಭವಲ್ಲ. ಬಹಳಷ್ಟು ಕಾರ್ಮಿಕ ಸಂಘಗಳು ಹಾಗೆ ಹೇಳಿಯೂ ಇಲ್ಲ. ಅವು ಕೇಳಿರುವುದು ಎರಡೇ ಪ್ರಶ್ನೆ: ಈ ಯುದ್ಧ ಯಾರಿಗಾಗಿ? ಇದು ನಿಂತರೆ ನಮ್ಮವರ ಕೂಲಿಗೆ ದಾರಿ ಯಾವುದು? ಮೊದಲನೆಯದನ್ನು ಮಾತ್ರ ಕೇಳಿದ ಸಂಘಗಳ ನಿರ್ಣಯಗಳು 1914ರಲ್ಲಿ ಕಾಗದದಲ್ಲೇ ಉಳಿದವು. ಎರಡನೆಯದಕ್ಕೆ ಉತ್ತರ ಬರೆದ ಲೂಕಸ್ ಕೆಲಸಗಾರರ ಕೈಯಲ್ಲಿ ಕಾರ್ಖಾನೆಯ ಅಧಿಕಾರವಿರಲಿಲ್ಲ. ಅವೆರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಸರಕಾರ ಎಲ್ಲಿಯೂ ಸುಲಭವಾಗಿ ಸಿಕ್ಕಿಲ್ಲ.

2008ರ ಆ ಎಂಟು ಗಂಟೆ ಯುದ್ಧವನ್ನು ನಿಲ್ಲಿಸಲಿಲ್ಲ ಎಂಬುದು ಸತ್ಯ. ಆದರೆ ಯುದ್ಧವೂ ಯಾರೋ ಹೊತ್ತು, ಯಾರೋ ತುಂಬಿ, ಯಾರೋ ಸಾಗಿಸಿದರೆ ಮಾತ್ರ ನಡೆಯುವ ಕೆಲಸ ಎಂಬುದನ್ನು ಅದು ಒಂದು ಪಾಳಿಯ ಕೂಲಿ ಬಿಟ್ಟುಕೊಟ್ಟು ತೋರಿಸಿತು.