ಹಿಡಿತಕ್ಕೆ ಸಿಕ್ಕವನ ವೇಗ ಸೊನ್ನೆ

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತಿ, ಠಾಣೆ ಬಂದರೂ ಬಾಗಿಲತ್ತ ಹೆಜ್ಜೆ ಇಡಲಾಗದವರಿಗೆ ಇದನ್ನು ವಿವರಿಸಬೇಕಿಲ್ಲ: ಪೆಟ್ಟು ಬೀಳದೆಯೂ ಮನುಷ್ಯ ಕದಲದಂತಾಗಬಹುದು. ದಾಳ ಉರುಳಿಸಿ ಕತೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಐದನೇ ಆವೃತ್ತಿಯಲ್ಲಿ ‘ಗ್ರ್ಯಾಪಲ್’ ಎಂದರೆ ಇದೇ. ಸಿಕ್ಕವನ ವೇಗ 30 ಅಡಿ ಇದ್ದದ್ದು ಸೀದಾ ಸೊನ್ನೆ. ಗಾಯ ಮಾತ್ರ ಆಗುವುದಿಲ್ಲ. ಅದಕ್ಕೇ ಹೊಸಬರು ಕತ್ತಿಯನ್ನೇ ಬೀಸುತ್ತಾರೆ.

ಆದರೆ ನೆಲಕ್ಕೆ ಬಿದ್ದ ಗೆಳೆಯನತ್ತ ರಾಕ್ಷಸ ನುಗ್ಗುತ್ತಿದ್ದಾನೆ ಅನ್ನಿ. ಕತ್ತಿಯೇಟು ತಿಂದೂ ಅವನು ತಲುಪಿಯಾನು, ಹಿಡಿದರೆ ತಲುಪಲಾರ. ಹಿಡಿದವನು ಅರ್ಧ ವೇಗದಲ್ಲಿ ಅವನನ್ನು ಎಳೆದೊಯ್ಯಲೂಬಹುದು: 15 ಅಡಿ, ನಕ್ಷೆಯಲ್ಲಿ ಮೂರು ಚೌಕ. ಕಬಡ್ಡಿ ನೋಡಿ ಬೆಳೆದ ನಮಗೆ ಇಲ್ಲೊಂದು ತಕರಾರು. ಅಲ್ಲಿ ರೈಡರ್ ಹಿಡಿದವರನ್ನೇ ಎಳೆದುಕೊಂಡು ಮಧ್ಯಗೆರೆ ಮುಟ್ಟುತ್ತಾನೆ. ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕು, ಅದಕ್ಕೆ ಆ ಸರದಿಯ ‘ಆ್ಯಕ್ಷನ್’ ಖರ್ಚು.

ಹಿಡಿದ ಮೇಲೆ ಕೆಡವಿದರೆ ಇನ್ನೂ ಮಜಾ. ಏಳಲು ತನ್ನ ವೇಗದ ಅರ್ಧ ಬೇಕು. ಸೊನ್ನೆಯ ಅರ್ಧ ಸೊನ್ನೆಯೇ ತಾನೆ, ಹಾಗಾದರೆ ಪುಕ್ಕಟೆ ಏಳಬಹುದಲ್ಲ ಎಂದು ನಮ್ಮ ಕೋಡಿಂಗ್ ಬುದ್ಧಿ ಕೇಳೀತು. ವೇಗ ಸೊನ್ನೆಯಿದ್ದರೆ ಏಳುವಂತಿಲ್ಲ ಎಂದು ನಿಯಮ ಆ ಕಿಂಡಿಯನ್ನು ಮೊದಲೇ ಮುಚ್ಚಿದೆ.

ಮಂತ್ರವಾದಿಯ ಮೇಲೆ ಮಾತ್ರ ಈ ಪಟ್ಟು ನಂಬಬೇಡಿ. ‘ಮಿಸ್ಟಿ ಸ್ಟೆಪ್’ ಮಂತ್ರಕ್ಕೆ ಕೈ ಬೇಡ, ಬಾಯಿ ಸಾಕು. ಕಣ್ಣು ಮಿಟುಕಿಸುವಷ್ಟರಲ್ಲಿ ಅವನು 30 ಅಡಿ ಆಚೆ.